ಮಗ್ಗದ ಮನೆಯ ತಗಡಿಗೆ ನೆರಳು: ಗದಗಿನ ಬೆಟಗೇರಿಯಲ್ಲಿ ಒಂದು ಬೇಸಿಗೆಯ ರಿಪೇರಿ

ಈ ಕೆಲಸ ಶುರುವಾಗಿದ್ದು ಆಯಿಯಿಂದ, ಅಂದರೆ ನಮ್ಮ ಅಜ್ಜಿಯಿಂದ. 2024ರ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಬೇವು ಕುಡಿದು, ಹೋಳಿಗೆ ಉಂಡು, ಮಧ್ಯಾಹ್ನ ಎಲ್ಲರೂ ಒಂದೊಂದು ಮೂಲೆ ಹಿಡಿದು ಮಲಗಿದ್ದೆವು. ಸಂಜೆ ಐದರ ಹೊತ್ತಿಗೆ ಎದ್ದು ಕೂತ ಆಯಿ ಹಾಗೇ ಗೋಡೆಗೆ ಒರಗಿಬಿಟ್ಟಳು. "ತಲಿ ತಿರಗಾಕತ್ತೈತೋ ತಮ್ಮಾ" ಅಂದಳು. ಮುಟ್ಟಿದರೆ ಮೈ ಕಾದಿತ್ತು, ಬೆವರೇ ಇಲ್ಲ. ತುಟಿ ಒಣಗಿ ಬಿಳಿಚಿತ್ತು. ಬೆಳಿಗ್ಗೆಯಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದಳಂತೆ, ಅದನ್ನೂ ಯಾರಿಗೂ ಹೇಳಿರಲಿಲ್ಲ.

ದವಾಖಾನೆಯಲ್ಲಿ ಸಲೈನ್ ಹಾಕಿದರು. ಎರಡು ತಾಸಿನಲ್ಲಿ ಆಯಿ ಮಾತಾಡತೊಡಗಿದಳು. ಡಾಕ್ಟರು ಬಿಪಿ ಗುಳಿಗೆ ನೋಡಿ ಒಂದನ್ನು ಬದಲಿಸಿದರು. ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ಬೇಸಿಗೆಯಲ್ಲಿ ವಯಸ್ಸಾದವರ ಮೈಯ ನೀರನ್ನು ಇನ್ನೂ ಇಳಿಸುತ್ತದಂತೆ. ಅದನ್ನು ನಾವಾಗಿಯೇ ನಿಲ್ಲಿಸಬಾರದು, ಕೇಳಿಯೇ ಬದಲಿಸಬೇಕು ಅಂತಲೂ ಹೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು: "ಅಜ್ಜಿ ಮಲಗೋ ಖೋಲಿ ಮ್ಯಾಲೆ ಏನೈತ್ರಿ? ತಗಡೋ, ಸ್ಲ್ಯಾಬೋ?"

ನಮ್ಮಲ್ಲಿ ಎರಡೂ ಇವೆ. ಮುಂದಿನ ಖೋಲಿ 16 ಅಡಿ ಉದ್ದ, 12 ಅಡಿ ಅಗಲ, ಮೇಲೆ ನಾಲ್ಕೂವರೆ ಇಂಚಿನ ಸ್ಲ್ಯಾಬ್. ಹಿಂದೆ ಅಪ್ಪನ ಮಗ್ಗದ ಮನೆ, 18ಕ್ಕೆ 12, ಮೇಲೆ ತಗಡು. ಅದಕ್ಕೆ ಅಂಟಿಕೊಂಡು ಅಡಿಗೆ ಮನೆ. ಇಷ್ಟರಲ್ಲಿ ಆಯಿ, ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಆರನೇ ಇಯತ್ತೆಯ ಮಗಳು. ಮೊದಲು ಈ ಜಾಗದಲ್ಲಿ ಪೂರಾ ಮಣ್ಣಿನ ಮಾಳಿಗೆ ಇತ್ತು. ತೊಲೆ, ಜಂತಿ, ಹಲಗೆ, ಅದರ ಮೇಲೆ ಒಂದು ಅಡಿ ಮಣ್ಣು, ತುದಿಗೆ ಸವುಳು ಮಣ್ಣು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಬಿದ್ದ ಆ ಮಹಾಮಳೆ ಉತ್ತರ ಕರ್ನಾಟಕದ ತುಂಬಾ ಮಣ್ಣಿನ ಮನೆಗಳನ್ನು ಬೀಳಿಸಿತಲ್ಲ, ನಮ್ಮ ಹಿಂದಿನ ಗೋಡೆಯೂ ಆಗಲೇ ಕುಸಿಯಿತು. ಹೆದರಿಕೆಯಲ್ಲಿ ಮುಂದೆ ಸ್ಲ್ಯಾಬ್ ಹಾಕಿಸಿದೆವು. ದುಡ್ಡು ಮುಗಿಯಿತು, ಹಿಂದೆ ತಗಡು ಬಂತು. ಆಗ ಅದು ತಪ್ಪಾಗಿರಲಿಲ್ಲ. ಆದರೆ ಬಿಸಿಲಿನ ವಿಚಾರ ಯಾರೂ ಮಾಡಿರಲಿಲ್ಲ.

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಸುಟ್ಟ ಮೋಟರ್ ಬಂದರೆ ಮೊದಲು ಎಲ್ಲಿ ಕಾಯುತ್ತದೆ, ಯಾವಾಗ ಕಾಯುತ್ತದೆ ಅಂತ ಮುಟ್ಟಿ, ಅಳೆದು ನೋಡುತ್ತೇವೆ. ಅದಾದ ಮೇಲೇ ಬಿಚ್ಚುವುದು. ಮನೆಗೂ ಹಾಗೇ ಮಾಡೋಣ ಅಂದುಕೊಂಡೆ. ನೆಂಟರು, ನೆರೆಯವರು ಎಲ್ಲರೂ "ಒಂದು ಕೂಲರ್ ತಗೊಂಬಿಡು" ಅಂತಲೇ ಹೇಳುತ್ತಿದ್ದರು. ಅಳೆಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಅಂತ ನಾನು ನಿರ್ಧರಿಸಿದ್ದೆ.

ಏಪ್ರಿಲ್ 11: ಅಳತೆ

ಅಂಗಡಿಯಿಂದ ಎರಡು ಸಾದಾ ಥರ್ಮಾಮೀಟರ್ ತಂದೆ. ಜೊತೆಗೆ ಮೋಟರಿನ ಕಾವು ನೋಡುವ ಇನ್‌ಫ್ರಾರೆಡ್ ಗನ್. ಮಗಳಿಗೆ ರಜೆ ಬಿದ್ದಿತ್ತು. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಹಾಕಿಕೊಂಡು, ದಿನಕ್ಕೆ ಮೂರು ಸಲ ಬರೆಯುವ ಕೆಲಸ ಅವಳದು. ಬೆಳಿಗ್ಗೆ 6, ಮಧ್ಯಾಹ್ನ 3, ರಾತ್ರಿ 9.

ಗನ್ ಮೊದಲ ದಿನವೇ ದಾರಿ ತಪ್ಪಿಸಿತು. ಮಧ್ಯಾಹ್ನ ಮೂರಕ್ಕೆ ತಗಡಿನ ಒಳಮೈಗೆ ಹಿಡಿದರೆ 46 ತೋರಿಸಿತು. ಕೈ ಎತ್ತಿ ಮುಟ್ಟಿದರೆ ಅರೆಕ್ಷಣವೂ ಇಡಲಾಗಲಿಲ್ಲ. 46 ಡಿಗ್ರಿಗೆ ಹಾಗೆ ಸುಡುವುದಿಲ್ಲ. ಆಮೇಲೆ ನೆನಪಾಯಿತು. ಹೊಳೆಯುವ ಲೋಹಕ್ಕೆ ಈ ಗನ್ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ. ಹೊಳಪಿನ ಮೈ ತನ್ನ ಕಾವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ, ಎದುರಿನ ವಸ್ತುವಿನ ಕಾವನ್ನು ಕನ್ನಡಿ ಥರ ತೋರಿಸುತ್ತದೆ. ಮೋಟರಿನ ಅಲ್ಯುಮಿನಿಯಂ ಬಾಡಿಗೂ ಇದೇ ತೊಂದರೆ. ಕರೀ ಇನ್ಸುಲೇಷನ್ ಟೇಪಿನ ಎರಡು ಇಂಚು ತುಂಡನ್ನು ತಗಡಿಗೆ ಒತ್ತಿ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಹಿಡಿದೆ. 63. ಅದೇ ನಿಜವಾದ ಲೆಕ್ಕ. ನೀವೂ ಅಳೆಯುವುದಾದರೆ ಟೇಪ್ ಮರೆಯಬೇಡಿ.

ಎರಡು ದಿನದ ಲೆಕ್ಕ ಹೀಗೆ ಬಂತು. ಮಧ್ಯಾಹ್ನ ಮೂರಕ್ಕೆ ಬೇವಿನ ನೆರಳಲ್ಲಿ 39. ಸ್ಲ್ಯಾಬ್ ಖೋಲಿಯಲ್ಲಿ 37. ಮಗ್ಗದ ಮನೆಯಲ್ಲಿ 44. ರಾತ್ರಿ ಒಂಬತ್ತಕ್ಕೆ ಹೊರಗೆ 31, ಮಗ್ಗದ ಮನೆ 32. ಆದರೆ ಸ್ಲ್ಯಾಬ್ ಖೋಲಿ ಇನ್ನೂ 36, ಸ್ಲ್ಯಾಬಿನ ಒಳಮೈ 41. ಬೆಳಿಗ್ಗೆ ಆರಕ್ಕೆ ಹೊರಗೆ ತಂಪಾಗಿ 25 ಇದ್ದಾಗಲೂ ಆ ಖೋಲಿ 32ರಲ್ಲೇ ನಿಂತಿತ್ತು.

ಈ ಹಾಳೆ ನೋಡಿ ನಾನು ಬಹಳ ಹೊತ್ತು ಕೂತೆ. ಎರಡು ಖೋಲಿಗೆ ಎರಡು ಬೇರೆ ಬೇರೆ ಜಡ್ಡು. ತಗಡು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಬಿಸಿಲು ಇಳಿದ ಕೂಡಲೇ ಆರುತ್ತದೆ. ಸ್ಲ್ಯಾಬ್ ಹಗಲೆಲ್ಲ ಕಾವನ್ನು ನುಂಗಿ ಇಟ್ಟುಕೊಂಡು, ರಾತ್ರಿ ನಾವು ಮಲಗಿದ ಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಫ್ಯಾನ್ ಹಚ್ಚಿದರೆ ಅದು ಸ್ಲ್ಯಾಬಿನ ಕೆಳಗೆ ನಿಂತ ಬಿಸಿಗಾಳಿಯನ್ನೇ ಮೈಮೇಲೆ ನೂಕುತ್ತದೆ. ಆಯಿ ಹಗಲು ಎಲ್ಲಿರುತ್ತಿದ್ದಳು? ಅಪ್ಪನ ಜೊತೆ ಮಾತಾಡುತ್ತಾ, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, ಮಗ್ಗದ ಮನೆಯಲ್ಲಿ. ರಾತ್ರಿ ಎಲ್ಲಿ? ಸ್ಲ್ಯಾಬಿನ ಕೆಳಗೆ. ಯಾವ ಖೋಲಿ ಯಾವಾಗ ಕೆಟ್ಟದ್ದೋ ಸರಿಯಾಗಿ ಆ ಹೊತ್ತಿಗೇ ಅವಳು ಅಲ್ಲಿರುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಟಿವಿಯಲ್ಲಿ ಬಿಸಿಗಾಳಿ ಸುದ್ದಿ ಬರುತ್ತಿತ್ತು. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿಯಾದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಅನ್ನುತ್ತದೆ. ಅದು ನೆರಳಿನಲ್ಲಿಟ್ಟ ಥರ್ಮಾಮೀಟರಿನ ಲೆಕ್ಕ. ಮಗ್ಗದ ಮನೆಯ 44 ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಮೊದಲ ರಿಪೇರಿಗೆ ಖರ್ಚೇ ಇಲ್ಲ. ಹೊರಸು ಬದಲಿಸಿದೆವು. ಹಗಲು ಆಯಿ ಮುಂದಿನ ಖೋಲಿಗೆ, ರಾತ್ರಿ ಮಗ್ಗದ ಪಕ್ಕಕ್ಕೆ. ಅಂದು ರಾತ್ರಿ ಅವಳು ನಾಲ್ಕು ತಾಸು ಒಂದೇ ಸಮ ಮಲಗಿದಳು. ಆದರೆ ಅಪ್ಪ ಬೆಳಿಗ್ಗೆ ಐದೂವರೆಗೆ ಲಾಳಿ ಎಸೆಯಲು ಕೂರುವವನು. ತಂಪು ಹೊತ್ತಿನಲ್ಲಿ ಒಂದು ಗೇಣು ನೆಯ್ದರೆ ಮಧ್ಯಾಹ್ನ ಮೈಗೆ ಬಿಡುವು. ಅವನು ಸುಮ್ನೆ ಕೂತುಬಿಟ್ಟ, ಆಯಿ ಏಳುವ ತನಕ. ಹೀಗೆ ಹದಿನೈದು ದಿನ ನಡೆದರೆ ಸೀರೆ ಹಿಂದೆ ಬೀಳುತ್ತದೆ. ಎರಡೂ ಖೋಲಿ ಸರಿಯಾಗಲೇಬೇಕಿತ್ತು.

ಏಪ್ರಿಲ್ 14, 21: ಸ್ಲ್ಯಾಬಿಗೆ ಸುಣ್ಣ

ಮೇಲೆ ಹತ್ತಿ ನೋಡಿದರೆ ಸ್ಲ್ಯಾಬ್ ಕರ್ರಗೆ ಇತ್ತು. ಮಳೆಗಾಲದ ಪಾಚಿ ಒಣಗಿ ಅಂಟಿಕೊಂಡಿತ್ತು. ಕಪ್ಪು ಮೈ ಬಿಸಿಲನ್ನು ನುಂಗುತ್ತದೆ, ಬಿಳಿ ಮೈ ವಾಪಸ್ ಕಳಿಸುತ್ತದೆ. ಅಹಮದಾಬಾದಿನಲ್ಲಿ 2010ರ ಬಿಸಿಲಿನ ಸಾವುಗಳ ನಂತರ 2013ರಲ್ಲಿ ಬಿಸಿಲಿನಿಂದ ಜನರನ್ನು ಕಾಯಲು ಊರಿಗೇ ಒಂದು ಯೋಜನೆ ಮಾಡಿದರು. ಮುಂದೆ ಬಡವರ ಮನೆಗಳ ಮಾಳಿಗೆಗೆ ಸುಣ್ಣ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು. ಡಬ್ಬಿಯಲ್ಲಿ ಬರುವ ಕೂಲ್ ರೂಫ್ ಬಣ್ಣವೂ ಇದೆ, ಆದರೆ ನಮಗೆ ಅದು ತುಟ್ಟಿ. ಸುಣ್ಣ ನಮಗೆ ಗೊತ್ತಿರುವ ಸಾಮಾನು.

ಹತ್ತು ಕಿಲೋ ಸುಣ್ಣದ ಹರಳು ತಂದು ಹಿಂದಿನ ರಾತ್ರಿ ಕಬ್ಬಿಣದ ಅರ್ಧ ಡ್ರಮ್ಮಿನಲ್ಲಿ ನೆನೆಹಾಕಿದೆ. ಇಲ್ಲಿ ಹುಷಾರು. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಗ್ರೈಂಡರ್ ಕೆಲಸದ ಕನ್ನಡಕ ಹಾಕಿಕೊಂಡೆ, ಮಗಳನ್ನು ಹತ್ತಿರ ಬಿಡಲಿಲ್ಲ. ಪ್ಲಾಸ್ಟಿಕ್ ಬಕೆಟ್ ಬೇಡ, ಕಾವಿಗೆ ಮೆತ್ತಗಾಗುತ್ತದೆ. ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಹಾಲಿಗಿಂತ ಸ್ವಲ್ಪ ಗಟ್ಟಿ ಹದಕ್ಕೆ ತಂದು, ಸುಣ್ಣ ಹಿಡಿಯಲು ಒಂದು ಕಿಲೋ ಫೆವಿಕಾಲ್ ಡಿಡಿಎಲ್ ಅಂಟು ಕಲಸಿದೆ.

14ನೇ ತಾರೀಖು ಭಾನುವಾರ. ತಂತಿ ಬ್ರಷ್ಷಿನಿಂದ ಪಾಚಿ ಕೆರೆದು ಗುಡಿಸುವಷ್ಟರಲ್ಲಿ ಹನ್ನೊಂದಾಯಿತು. ಬಿಸಿಲಿನಲ್ಲೇ ಬಳಿದೆ. ಬ್ರಷ್ ಎಳೆದ ಹಿಂದೆಯೇ ಒಣಗುತ್ತಿತ್ತು. ಬೇಗ ಮುಗಿಯಿತಲ್ಲ ಅಂತ ಖುಷಿಯಾದೆ. ಮರುದಿನ ಕಾಲಿಟ್ಟರೆ ಪಾದಕ್ಕೆಲ್ಲ ಬಿಳಿ ಪುಡಿ. ಗಾಳಿ ಬಂದರೆ ಹಾರಿಹೋಗುವಂತಿತ್ತು. ಸುಣ್ಣ ಬಣ್ಣದ ಥರ ಸುಮ್ನೆ ಒಣಗಿದರೆ ಗಟ್ಟಿಯಾಗುವುದಿಲ್ಲ. ಹಸಿಯಾಗಿದ್ದಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗಬೇಕು, ಅದಕ್ಕೆ ಹೊತ್ತು ಬೇಕು, ತೇವ ಬೇಕು. ಕಾದ ಕಾಂಕ್ರೀಟ್ ಆ ತೇವವನ್ನು ಎರಡೇ ನಿಮಿಷದಲ್ಲಿ ಕುಡಿದುಬಿಟ್ಟಿತ್ತು.

ಅವ್ವ ಕೆಳಗಿಂದ ಕೂಗಿ ಹೇಳಿದಳು: "ನಮ್ಮವ್ವ ಗ್ವಾಡಿಗೆ ಸುಣ್ಣ ಹಚ್ಚಬೇಕಾದ್ರ ಮೊದ್ಲು ಗ್ವಾಡಿಗೆ ನೀರು ಕುಡಸ್ತಿದ್ಲು. ನನ್ನ ಕೇಳಬಾರದಿತ್ತೇನು?" ಕೇಳಬೇಕಿತ್ತು.

ನೀರಿನದೇ ಚಿಂತೆ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಅಂತ ಸರ್ಕಾರವೇ ಘೋಷಿಸಿತ್ತು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಬಂದ ದಿನ ಹಬ್ಬ. ಮಾಳಿಗೆಗೆ ದಿನಾ ನೀರು ಹೊಡೆದು ತಂಪು ಮಾಡುವ ಉಪಾಯ ಅದಕ್ಕೇ ನಮಗೆ ಆಗದು. ಕೂಲರ್ ಬೇಡವೆಂದ ಕಾರಣವೂ ಅದೇ. ಅದು ತಾಸಿಗೆ ಲೀಟರುಗಟ್ಟಲೆ ಕುಡಿಯುತ್ತದೆ. ಬಟ್ಟೆ ಒಗೆದ ಕೊನೆಯ ನೀರನ್ನು ನನ್ನ ಹೆಂಡತಿ ನಾಲ್ಕು ದಿನ ಬ್ಯಾರಲ್ಲಿನಲ್ಲಿ ಕೂಡಿಟ್ಟಳು.

21ರ ನಸುಕಿನಲ್ಲಿ, ಐದಕ್ಕೆ, ಇಬ್ಬರೂ ಮೇಲೆ ಹತ್ತಿದೆವು. ಪುಡಿಯೆಲ್ಲ ಗುಡಿಸಿ, ಸ್ಲ್ಯಾಬಿಗೆ ನೀರು ಕುಡಿಸಿ, ಮೇಲಿನ ಪಸೆ ಆರಿದ ಕೂಡಲೇ ತೆಳ್ಳಗೆ ಒಂದು ಕೋಟು. ಏಳರೊಳಗೆ ಇಳಿದೆವು. ಸಂಜೆ ಬಿಸಿಲು ಇಳಿದ ಮೇಲೆ ನೀರು ಚಿಮುಕಿಸಿ ಎರಡನೇದು, ಈ ಸಲ ಅಡ್ಡಕ್ಕೆ. ಮರುದಿನ ನಸುಕಿನಲ್ಲಿ ಮೂರನೇದು. ದಪ್ಪಗೆ ಒಂದು ಕೋಟು ಬಳಿದರೆ ಬಿರುಕು ಬಿಟ್ಟು ಹೊಪ್ಪಳಿಕೆ ಏಳುತ್ತದೆ, ತೆಳ್ಳಗೆ ಮೂರು ಬಳಿದರೆ ಹಿಡಿಯುತ್ತದೆ. ಮೂರನೇ ದಿನ ಅಂಗೈ ಉಜ್ಜಿ ನೋಡಿದೆ. ಚೂರೇ ಚೂರು ಬಿಳಿ, ಅಷ್ಟೇ.

ಅಂದು ದವನದ ಹುಣ್ಣಿಮೆ. ರಾತ್ರಿ ಒಂಬತ್ತಕ್ಕೆ ಮಗಳು ಗನ್ ಹಿಡಿದು ಒಳಮೈ ನೋಡಿದಳು. 36. ಎರಡು ಸಲ ನೋಡಿದಳು. ಹತ್ತು ದಿನದ ಹಿಂದೆ ಇದೇ ಹೊತ್ತಿಗೆ 41. ಖೋಲಿಯ ಗಾಳಿ 36ರಿಂದ 33ಕ್ಕೆ ಇಳಿದಿತ್ತು. ಮಧ್ಯಾಹ್ನ ಮೇಲೆ ಹತ್ತಿದರೆ ಬರಿಗಾಲು ಇಡಬಹುದಿತ್ತು. ಬಿಳುಪಿಗೆ ಕಣ್ಣು ಮಾತ್ರ ಕುಕ್ಕುತ್ತಿತ್ತು.

ಏಪ್ರಿಲ್ 28: ತಗಡಿನ ಮೇಲೆ ನೆಟ್

ಉಳಿದ ಸುಣ್ಣವನ್ನು ತಗಡಿಗೂ ಬಳಿದುಬಿಡೋಣ ಅಂತ ಮನಸ್ಸಾಗಿತ್ತು. ಮಾಡಲಿಲ್ಲ, ನೀವೂ ಮಾಡಬೇಡಿ. ಹಸಿ ಸುಣ್ಣ ತಗಡಿನ ಮೇಲಿನ ಸತುವಿನ ಲೇಪವನ್ನು ತಿನ್ನುತ್ತದೆ. ಸತು ಹೋದರೆ ಎರಡು ಮಳೆಗಾಲದಲ್ಲಿ ತುಕ್ಕು. ಮೇಲಾಗಿ ನುಣ್ಣನೆ ಮೈಗೆ ಅದು ಹಿಡಿಯುವುದೂ ಇಲ್ಲ.

ತಗಡಿಗೆ ಬೇಕಾದದ್ದು ನೆರಳು. ಅಪ್ಪ ಜೋಳದ ದಂಟು ಹೊದಿಸೋಣ ಅಂದ. ಅವನ ಚಿಕ್ಕಂದಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಆದರೆ ಬರದ ವರ್ಷ, ಕಣಿಕೆ ದನಕ್ಕೇ ಸಿಗುತ್ತಿರಲಿಲ್ಲ. ಪಕ್ಕದಲ್ಲೇ ಅಡಿಗೆ ಮನೆಯ ಹೊಗೆ ಕಿಂಡಿ, ಕಿಡಿ ಹಾರಿದರೆ ಮಗ್ಗವೂ ಉಳಿಯದು. ಹಾಗಾಗಿ ಸಸಿ ತೋಟಗಳಲ್ಲಿ ಕಟ್ಟುವ ಹಸಿರು ನೆಟ್, 75 ಪರ್ಸೆಂಟ್ ನೆರಳಿನದು, ತಂದೆ.

ನೆಟ್ಟನ್ನು ತಗಡಿನ ಮೇಲೇ ಹಾಸಿದರೆ ಉಪಯೋಗ ಕಡಿಮೆ. ನೆಟ್ಟು ಕಾದು ತಗಡಿಗೇ ಕಾವು ಕೊಡುತ್ತದೆ. ನಡುವೆ ಒಂದು ಅಡಿ ಖಾಲಿ ಬಿಟ್ಟರೆ ಗಾಳಿ ಹಾಯ್ದು ಆ ಕಾವನ್ನು ಹೊತ್ತೊಯ್ಯುತ್ತದೆ. ಎರಡೂ ಬದಿಯ ಗೋಡೆ ತಗಡಿಗಿಂತ ಒಂದು ಗೇಣು ಎತ್ತರ ಇವೆ. ಅವುಗಳ ಮೇಲೆ ಇಟ್ಟಿಗೆ ಜೋಡಿಸಿ, ಆರು ಬಿದಿರು ಗಳ ಅಡ್ಡ ಹಾಕಿ, ಬೈಂಡಿಂಗ್ ತಂತಿಯಿಂದ ಬಿಗಿದೆ. ತಗಡಿಗೆ ಹೊಸ ತೂತು ಒಂದೂ ಹಾಕಲಿಲ್ಲ, ಮಳೆಗಾಲದಲ್ಲಿ ಅದೇ ಸೋರುತ್ತದೆ. ತಗಡಿನ ಮೇಲೆ ನೇರ ಕಾಲಿಡಬೇಡಿ. ಕೆಳಗೆ ಕಬ್ಬಿಣದ ಆ್ಯಂಗಲ್ ಇರುವ ಸಾಲಿಗೆ ಹಲಗೆ ಹಾಕಿ, ಅದರ ಮೇಲೆ ಕೂತು ಕೆಲಸ ಮಾಡಿ. ಅದೂ ಬೆಳಿಗ್ಗೆ ಎಂಟರೊಳಗೆ.

ಸಂಜೆ ಹೊತ್ತಿಗೆ ನೆಟ್ ಬಿಗಿದು ನಿಂತಿತು. ಮರುದಿನ ಮೂರಕ್ಕೆ ಟೇಪಿನ ಮೇಲೆ 47. ಮೊದಲು 63 ಇತ್ತಲ್ಲ! ಮಗ್ಗದ ಮನೆ 44ರಿಂದ 40ಕ್ಕೆ ಬಂತು. ಅಪ್ಪ ಏನೂ ಹೇಳಲಿಲ್ಲ, ಮಧ್ಯಾಹ್ನ ಉಂಡವನು ಎದ್ದು ಹೋಗಿ ಮತ್ತೆ ಮಗ್ಗಕ್ಕೆ ಕೂತ. ಎಷ್ಟೋ ವರ್ಷದಿಂದ ಏಪ್ರಿಲ್ ಮಧ್ಯಾಹ್ನ ನಮ್ಮ ಮನೆಯಲ್ಲಿ ಲಾಳಿಯ ಸದ್ದು ಕೇಳಿರಲಿಲ್ಲ.

ಮೇ ಎರಡನೇ ವಾರ ಒಂದು ಸಂಜೆ ಅಡ್ಡಮಳೆಯ ಗಾಳಿ ಎದ್ದಿತು. ಗದಗಿನ ಗಾಳಿ ಅಂದರೆ ಗೊತ್ತಲ್ಲ, ಕಪ್ಪತಗುಡ್ಡದ ಮೇಲೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿಲ್ಲ. ನೆಟ್ ಒಂದು ಬದಿಯಿಂದ ಹರಿದುಕೊಂಡು ಪಟಪಟ ಬಡಿಯತೊಡಗಿತು. ಒಂದು ಗಳ ಜಾರಿ ತಗಡಿನ ಮೇಲೆ ಬಿತ್ತು. ಕೆಳಗೆ ಆಯಿ ಇದ್ದಳು. ಏನೂ ಆಗಲಿಲ್ಲ, ಆದರೆ ನನ್ನ ಕೈ ನಡುಗಿತು. ನೋಡಿದರೆ ತಪ್ಪು ನನ್ನದೇ. ನೆಟ್ಟನ್ನು ತಂತಿಯಿಂದ ಬಿಗಿಯಾಗಿ ಕಟ್ಟಿದ್ದೆ. ಗಾಳಿ ಎಳೆದಾಗ ತಂತಿ ಬಗ್ಗುವುದಿಲ್ಲ, ನೆಟ್ಟೇ ಹರಿಯುತ್ತದೆ.

ಸೈಕಲ್ ಅಂಗಡಿಯಿಂದ ಪಂಕ್ಚರ್ ಆಗಿ ಬಿಸಾಡಿದ ಟ್ಯೂಬುಗಳನ್ನು ತಂದು ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿದೆ. ನೆಟ್ಟಿನ ಅಂಚನ್ನು ಎರಡು ಮಡಿಕೆ ಮಾಡಿ, ಒಳಗೆ ನೈಲಾನ್ ಹಗ್ಗ ಇಟ್ಟು ಹೊಲಿಸಿದೆ. ಎರಡೆರಡು ಅಡಿಗೊಂದು ರಬ್ಬರ್ ಪಟ್ಟಿ. ಗಾಳಿ ಬಂದರೆ ಹಿಗ್ಗುತ್ತದೆ, ಹೋದರೆ ಮತ್ತೆ ಬಿಗಿಯಾಗುತ್ತದೆ. ಗಳಗಳನ್ನೂ ತಂತಿಯ ಬದಲು ಗೋಡೆಗೆ ಕ್ಲ್ಯಾಂಪ್ ಹಾಕಿ ಹಿಡಿಸಿದೆ. ಆಮೇಲೆ ಅದಕ್ಕಿಂತ ಜೋರಾದ ಗಾಳಿ ಎರಡು ಸಲ ಬಂತು, ಹಂದಲಿಲ್ಲ.

ಸೀರೆಯ ಮೇಲ್ಕಟ್ಟು, ಕಿಂಡಿ, ಫ್ಯಾನ್

40ಕ್ಕೆ ನಿಲ್ಲಿಸಲು ಮನಸ್ಸಿರಲಿಲ್ಲ. ತಗಡಿನ ಕೆಳಗೆ ಥರ್ಮಾಕೋಲ್ ಹಾಕು ಅಂತ ಬಹಳ ಮಂದಿ ಹೇಳಿದರು. ಕಾವು ತಡೆಯುತ್ತದೆ, ಖರೆ. ಆದರೆ ಬೆಂಕಿ ತಗುಲಿದರೆ ಕರಗಿ ಹೊತ್ತಿ ಕೆಳಗೆ ಸುರಿಯುತ್ತದೆ, ಹೊಗೆಯೂ ವಿಷ. ನೂಲು, ಬಟ್ಟೆ, ಪಕ್ಕದಲ್ಲಿ ಒಲೆ ಇರುವ ಮನೆಗೆ ಬರಿ ಥರ್ಮಾಕೋಲ್ ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಅವ್ವ ಟ್ರಂಕಿನಿಂದ ನಾಲ್ಕು ಹಳೇ ಕಾಟನ್ ಸೀರೆ ತೆಗೆದುಕೊಟ್ಟಳು. ಎಲ್ಲವೂ ಅಪ್ಪನ ಕೈಯವು. ಬಣ್ಣ ಮಾಸಿ ಹೆಚ್ಚು ಕಡಿಮೆ ಬಿಳಿಯಾಗಿದ್ದವು. ಹೆಂಡತಿ ಅವನ್ನು ಎರಡು ಪದರ ಮಾಡಿ ಮಶೀನಿನಲ್ಲಿ ಕೂಡಿಸಿದಳು. ತಗಡಿನಿಂದ ಒಂದು ಅಡಿ ಕೆಳಗೆ ಗೋಡೆಯಿಂದ ಗೋಡೆಗೆ ಸತುವಿನ ಲೇಪದ ಐದು ಜಿಐ ತಂತಿ ಎಳೆದು, ಮದುವೆಯಲ್ಲಿ ಮೇಲ್ಕಟ್ಟು ಕಟ್ಟುವ ಹಾಗೆ ಹರವಿದೆವು. ತಗಡು ಬರಿ ಗಾಳಿಯನ್ನು ಕಾಯಿಸುವುದಿಲ್ಲ, ಕೆಂಡದ ಒಲೆ ಎದುರು ಕೂತಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ ನೇರವಾಗಿ ಮೈಗೆ ಹೊಡೆಯುತ್ತದೆ. ಬಟ್ಟೆ ಆ ಹೊಡೆತವನ್ನು ತಡೆಯುತ್ತದೆ.

ಇದಕ್ಕೆ ಮೊದಲು ಮಾಡಿದ ಒಂದು ಕೆಲಸ ಮುಖ್ಯ. ತಗಡಿನ ಕೆಳಗೆ ತೂಗುತ್ತಿದ್ದ ಹಳೇ ವೈರನ್ನು ಪೂರಾ ಕಿತ್ತು, ಪೈಪಿನಲ್ಲಿ ಹಾಕಿ ಗೋಡೆಗೆ ಇಳಿಸಿದೆ. ಬಟ್ಟೆಯ ಮೇಲೆ ವೈರಿನ ಜಾಯಿಂಟ್ ಇರಲೇಬಾರದು. ಕಾದು ಕಾದು ಅದರ ಪ್ಲಾಸ್ಟಿಕ್ ಬಿಸ್ಕಿಟ್ ಥರ ಮುರಿಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ಇಷ್ಟು ವರ್ಷ ಏನೂ ಆಗದಿದ್ದದ್ದೇ ಪುಣ್ಯ ಅನ್ನಿಸಿತು.

ಬಟ್ಟೆ ಮತ್ತು ತಗಡಿನ ನಡುವೆ ಸಿಕ್ಕ ಬಿಸಿಗಾಳಿ ಹೊರಗೆ ಹೋಗಬೇಕು. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಅದು ಬೆಳಕಿಗೆ ಮಾತ್ರ ಅಲ್ಲ, ಬಿಸಿ ಹೋಗುವುದಕ್ಕೂ ಅದೇ ದಾರಿ. ಗೌಂಡಿಯನ್ನು ಕರೆಸಿ ಪಶ್ಚಿಮದ ಗೋಡೆಯ ತುದಿಯಲ್ಲಿ ಒಂದು ಬಿಟ್ಟು ಒಂದರಂತೆ ಆರು ಇಟ್ಟಿಗೆ ತೆಗೆಸಿದೆ. ಆ್ಯಂಗಲ್ ಕೂತ ಜಾಗ ಬಿಟ್ಟು ತೆಗೆಯಬೇಕು, ಅದಕ್ಕೇ ಗೌಂಡಿ. ಇಲಿ, ಅಳಿಲು ಬರದ ಹಾಗೆ ಜಾಳಿಗೆ ಬಡಿದೆ. ಅದರ ಪಕ್ಕಕ್ಕೆ, ಬಟ್ಟೆಗಿಂತ ಕೆಳಗೆ, ನಾನೇ ರಿವೈಂಡ್ ಮಾಡಿದ 12 ಇಂಚಿನ ಎಕ್ಸಾಸ್ಟ್ ಫ್ಯಾನ್. ಮುಂದಿನ ಖೋಲಿಗೂ ಒಂದು.

ಈ ಫ್ಯಾನುಗಳು ಓಡುವುದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ. ನಮ್ಮಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪು ಗಾಳಿ ಬರುತ್ತದೆ. ಪೂರ್ವದ ಕೆಳಗಿನ ಕಿಟಕಿ ತೆಗೆದಿಟ್ಟರೆ ಆ ತಂಪು ಒಳಗೆ ಬಂದು, ಗೋಡೆ, ನೆಲ, ಸ್ಲ್ಯಾಬ್ ಎಲ್ಲವನ್ನೂ ತೊಳೆದಂತೆ ಆರಿಸಿ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಕಿಟಕಿ ಬಂದ್. ಸಂಜೆ ಆರೂವರೆಗೆ ಮತ್ತೆ ತೆಗೆಯುವುದು.

ಈ ಬಂದ್ ವಿಷಯಕ್ಕೆ ಅವ್ವನಿಗೂ ನನಗೂ ಮೂರು ದಿನ ಮಾತುಕತೆ ಆಯಿತು. "ಬ್ಯಾಸಿಗ್ಯಾಗ ಕಿಡಕಿ ಮುಚ್ಚತಾರೇನೋ? ಉಸಿರು ಕಟ್ಟತೈತಿ" ಅಂತ ಅವಳು. ನಾನು ಹೋದ ಮೇಲೆ ತೆಗೆಯುತ್ತಿದ್ದಳು. ಮಗಳು ಒಂದು ಉಪಾಯ ಮಾಡಿದಳು. ಒಂದು ದಿನ ತೆಗೆದಿಟ್ಟು, ಒಂದು ದಿನ ಮುಚ್ಚಿಟ್ಟು, ಎರಡೂ ದಿನ ಥರ್ಮಾಮೀಟರನ್ನು ಅವ್ವನ ಕೈಯಲ್ಲೇ ಓದಿಸಿದಳು. ಮಧ್ಯಾಹ್ನ ಎರಡಕ್ಕೆ ತೆಗೆದ ದಿನ 37, ಮುಚ್ಚಿದ ದಿನ 34. "ಹೊರಗಿನ ಝಳಾ ನಾವ ಕರದು ಒಳಗ ಕುಂದರಸ್ತಿದ್ವಿ ನೋಡು" ಅಂದಳು ಅವ್ವ. ಅಂದಿನಿಂದ ಎಂಟು ಗಂಟೆಗೆ ಕಿಟಕಿ ಮುಚ್ಚುವವಳು ಅವಳೇ. ಅಡಿಗೆಯನ್ನೂ ಏಳರೊಳಗೆ ಮುಗಿಸತೊಡಗಿದಳು. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಒಲೆ ಹಚ್ಚುವ ಪ್ರಸಂಗವೇ ಇಲ್ಲ.

ಮಗ್ಗದ ಕುಣಿ

ಅಳೆಯುವಾಗ ಮಗಳು ಸುಮ್ನೆ ಒಂದು ಥರ್ಮಾಮೀಟರನ್ನು ಅಪ್ಪನ ಮಗ್ಗದ ಕುಣಿಯೊಳಗೆ ಇಳಿಬಿಟ್ಟಿದ್ದಳು. ನಮ್ಮದು ಕುಣಿಮಗ್ಗ. ಎರಡೂವರೆ ಅಡಿ ಆಳದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಯ್ಯುವುದು. ಮೇಲೆ ಖೋಲಿ 44 ಇದ್ದ ಆ ಮಧ್ಯಾಹ್ನ ಕುಣಿಯಲ್ಲಿ 30.

ಅಪ್ಪನಿಗೆ ಅದರಲ್ಲೇನೂ ಆಶ್ಚರ್ಯ ಇರಲಿಲ್ಲ. ಒಣ ಹವೆಗೆ ಹತ್ತಿ ನೂಲು ಬಿರುಸಾಗಿ ಹರಿಯುತ್ತದೆ, ತೇವ ಇದ್ದರೆ ಗಟ್ಟಿ. ನೆಲದ ಪಸೆ ಹಾಸು ನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಸಿಗಲೆಂದೇ ಹಿಂದಿನವರು ಮಗ್ಗವನ್ನು ನೆಲಕ್ಕೆ ಇಳಿಸಿದ್ದು ಅಂತ ಅವನ ಲೆಕ್ಕ. ಕುಣಿಯ ಗೋಡೆಗೆ ದಿನಾ ಎರಡು ತಂಬಿಗೆ ನೀರು ಚಿಮುಕಿಸುವುದು ಅವನ ಹಳೇ ರೂಢಿ. ನಾನು ಅದಕ್ಕೆ ಒಂದನ್ನು ಸೇರಿಸಿದೆ. ಪೂರ್ವದ ಕೆಳಗಿನ ಕಿಟಕಿಗೆ ಒಂದು ಗೋಣಿ ತಟ್ಟು ಇಳಿಬಿಟ್ಟು, ಅದರ ಕೆಳ ಅಂಚನ್ನು ನೀರಿನ ಬೋಗುಣಿಯಲ್ಲಿ ಅದ್ದಿಟ್ಟೆ. ತಟ್ಟು ತಾನೇ ನೀರು ಎಳೆದುಕೊಳ್ಳುತ್ತದೆ. ರಾತ್ರಿಗೆ ಎರಡು ಲೀಟರೂ ಬೇಡ. ಎಕ್ಸಾಸ್ಟ್ ಎಳೆದಾಗ ಗಾಳಿ ಅದರ ಮೂಲಕ ಬಂದು ತಂಪಾಗುತ್ತದೆ. ಗಾಳಿ ಹೊರಗೆ ಹೋಗುವ ದಾರಿ ಇದ್ದರೆ ಮಾತ್ರ ಇದು ಸರಿ. ಮುಚ್ಚಿದ ಖೋಲಿಯಲ್ಲಿ ಹಸಿ ತಟ್ಟು ಕಟ್ಟಿದರೆ ಬೆವರು ಆರದೆ ಇನ್ನೂ ಕುದಿಯುತ್ತದೆ. ಮಗ್ಗದ ಹಣಿಗೆಗೆ (ಎಳೆಗಳು ಹಾಯುವ ಬಾಚಣಿಗೆಗೆ) ತುಕ್ಕು ಹಿಡಿಯದ ಹಾಗೆ ಅಪ್ಪ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುತ್ತಾನೆ.

"ನೂಲು ಹರಿಯೂದು ಕಡಿಮಿ ಆಗೈತಿ ತಮ್ಮಾ" ಅಂದ ಒಂದು ದಿನ. ಅಪ್ಪ ಮಾತಿನವನಲ್ಲ. ಆ ಒಂದು ಮಾತು ಹೇಳಲು ಅಂಗಡಿಯ ತನಕ ನಡೆದು ಬಂದಿದ್ದ.

ಮೇ 7ಕ್ಕೆ ಲೋಕಸಭೆ ಚುನಾವಣೆಯ ಮತದಾನ. ಆಯಿ ಏಳಕ್ಕೇ ಹೋಗಿ ಮತ ಹಾಕಿ, ಬಿಸಿಲು ಏರುವ ಮೊದಲೇ ಮನೆಗೆ ಬಂದಳು. ತಲೆ ಮೇಲೆ ಹಸಿ ಟವೆಲ್, ಕೈಯಲ್ಲಿ ನೀರಿನ ಬಾಟಲಿ. ಆ ನೀರು ಡಾಕ್ಟರು ಹೇಳಿಕೊಟ್ಟದ್ದು: ಒಂದು ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅದು ಸುಸ್ತಾದ ದಿನಕ್ಕೆ ಮಾತ್ರ, ಬಿಪಿ ಇರುವವರಿಗೆ ದಿನಾ ಉಪ್ಪು ನೀರು ಬೇಡ ಅಂತ ಅವರೇ ಹೇಳಿದ್ದರು. ಉಳಿದ ದಿನ ಹರವಿಯ ನೀರು, ಉಪ್ಪಿಲ್ಲದ ಮಜ್ಜಿಗೆ. ಅವಳಿಗೆ ನೀರಡಿಕೆ ಗೊತ್ತಾಗುವುದು ಕಡಿಮೆ. ಅದಕ್ಕೆ ಮಗಳು ತಾಸಿಗೊಂದು ಲೋಟ ಕೊಟ್ಟು ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾಳೆ.

ಮೇ 19ರ ಹಾಳೆ ನೋಡುತ್ತಿದ್ದೇನೆ. ಮಧ್ಯಾಹ್ನ 3: ಹೊರಗೆ 39, ಸ್ಲ್ಯಾಬ್ ಖೋಲಿ 34, ಮಗ್ಗದ ಮನೆ 37. ರಾತ್ರಿ 9: ಹೊರಗೆ 30, ಸ್ಲ್ಯಾಬ್ ಖೋಲಿ 31, ಮಗ್ಗದ ಮನೆ 30. ಕೆಳಗೆ ಮಗಳು ತಾನೇ ಒಂದು ಸಾಲು ಸೇರಿಸಿದ್ದಾಳೆ: "ಆಯಿ ಮಲಗಿದ್ದು 10:15, ಎದ್ದಿದ್ದು 5:00." ಆಯಿಯ ಹೊರಸು ಈಗ ರಾತ್ರಿಯೂ ಮುಂದಿನ ಖೋಲಿಯಲ್ಲೇ. ಅಪ್ಪ ಐದೂವರೆಗೆ ಮಗ್ಗಕ್ಕೆ ಕೂರುತ್ತಾನೆ.

ಸುಣ್ಣ, ನೆಟ್, ಬಿದಿರು, ತಂತಿ, ಗೌಂಡಿಯ ಒಂದು ದಿನದ ಪಗಾರ ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ಫ್ಯಾನಿನ ಮೋಟರ್ ನನ್ನವೇ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಜೂನ್ ಮೊದಲ ವಾರ ಮುಂಗಾರು ಶುರುವಾಗುವ ಹೊತ್ತಿಗೆ ನೆಟ್ ಬಿಚ್ಚಿ, ದೂಳು ಕೊಡವಿ, ಸುತ್ತಿ ಅಟ್ಟಕ್ಕೆ ಹಾಕಿದೆ. ಬಿದಿರು ಗಳಗಳನ್ನು ಗೋಡೆ ಬದಿಗೆ ಮಲಗಿಸಿದ್ದೇನೆ. ರಬ್ಬರ್ ಪಟ್ಟಿಗಳು ಬಿಸಿಲಿಗೆ ಅಲ್ಲಲ್ಲಿ ಬಿರಿದಿವೆ, ಮುಂದಿನ ಮಾರ್ಚಿಗೆ ಹೊಸವು ಕತ್ತರಿಸಬೇಕು. ಸುಣ್ಣವೂ ಒಂದು ಮಳೆಗಾಲ ಕಳೆದರೆ ತೆಳುವಾಗುತ್ತದೆ, ಹೋಳಿ ಹುಣ್ಣಿಮೆ ಆದ ಕೂಡಲೇ ಮತ್ತೆ ಎರಡು ಕೋಟು. ಅಡಿಗೆ ಮನೆಯ ತಗಡು ಇನ್ನೂ ಹಾಗೇ ಇದೆ, ಅವ್ವ ಅದಕ್ಕೂ ಅಳತೆ ತೆಗೆಸಿದ್ದಾಳೆ. ಟೇಪಿನ ತುಂಡು ಅಲ್ಲಿ ಈಗಾಗಲೇ ಅಂಟಿಸಿ ಆಗಿದೆ.